ರೋಗ ಪತ್ತೆಮಾಡುವ ನಾಯಿಗಳ ತದ್ರೂಪು ಸೃಷ್ಟಿ: ಯುಕ್ತಾಯುಕ್ತ ವಿಚಾರ

ರೋಣ ತಾಲ್ಲೂಕಿನ ಕುರಿಹಟ್ಟಿಗಳಲ್ಲಿ ನಾಯಿಯ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಅದರ ಮೂಗು ಕಳ್ಳನನ್ನಷ್ಟೇ ಅಲ್ಲದೆ ರೋಗವನ್ನೂ ಗುರುತಿಸಬಲ್ಲದು. 2021ರ ಫೆಬ್ರವರಿಯಲ್ಲಿ ಭಾರತೀಯ ಸೈನ್ಯವು ಬೆವರು ಮತ್ತು ಮೂತ್ರದ ವಾಸನೆಯಿಂದ ಕೋವಿಡ್ ರೋಗವನ್ನು ಪತ್ತೆಮಾಡುವ ನಾಯಿಗಳನ್ನು ದಿಲ್ಲಿಯಲ್ಲಿ ಪ್ರದರ್ಶಿಸಿತು. ಇಂತಹ ನಾಯಿಗೆ ಮುಪ್ಪು ಬಂದಾಗ ಅದರ ತದ್ರೂಪನ್ನು ಪಡೆಯುವುದು ಯುಕ್ತವೇ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಕಬ್ಬಿನ ತುಂಡನ್ನು ನೆಟ್ಟರೆ ಅದೇ ತಳಿಯ ಕಬ್ಬು ಬೆಳೆಯುವುದು ಒಕ್ಕಲಿಗರಿಗೆ ತಿಳಿದೇ ಇದೆ. ನಾಯಿಯ ವಿಷಯದಲ್ಲಿ ಇದು ಅಷ್ಟು ಸುಲಭವಲ್ಲ. ಹೆಣ್ಣುನಾಯಿಯಿಂದ ಶಸ್ತ್ರಕ್ರಿಯೆಯ ಮೂಲಕ ಅಂಡವನ್ನು ತೆಗೆದು, ಅದರ ಬೀಜಕೇಂದ್ರವನ್ನು ನೀಗಿಸಿ, ಬೇಕಾದ ನಾಯಿಯ ಚರ್ಮಕಣವನ್ನು ಅದರೊಡನೆ ಕೂಡಿಸಿ, ಬೇರೊಂದು ನಾಯಿಯ ಗರ್ಭದಲ್ಲಿ ಬೆಳೆಸತಕ್ಕದ್ದು. 2005ರಲ್ಲಿ ದಕ್ಷಿಣ ಕೊರಿಯಾದ ಸಿಯೋಲ್ ವಿಶ್ವವಿದ್ಯಾಲಯದವರು 1095 ಭ್ರೂಣಗಳನ್ನು 123 ನಾಯಿಗಳಲ್ಲಿರಿಸಿದರು. ಗರ್ಭ ನಿಂತವು ಮೂರು, ಹುಟ್ಟಿದ ಮರಿಗಳು ಎರಡು. ಅವುಗಳಲ್ಲೊಂದು 22 ದಿನಗಳಲ್ಲೇ ಸತ್ತಿತು. ಬದುಕುಳಿದುದೇ ‘ಸ್ನಪ್ಪಿ’. ವಿದ್ಯೆಯು ಅನಂತರ ಸುಧಾರಿಸಿದರೂ ಅಂಡ ಕೊಡುವ ಹಾಗೂ ಗರ್ಭ ಹೊರುವ ನಾಯಿಗಳ ಕಷ್ಟವು ಇಲ್ಲದಂತಾಗಲಿಲ್ಲ.

ಇದರ ಪರವಾಗಿಯೂ ಹೇಳತಕ್ಕ ಮಾತುಂಟು. ಜಪಾನಿನ ‘ಮರೀನ್’ ಎಂಬ ನಾಯಿಯು ಅರ್ಬುದ ರೋಗವನ್ನು ವಾಸನೆಯಿಂದ ಗುರುತಿಸುತ್ತಿತ್ತು. ರೋಗದ ನಿಮಿತ್ತ ಅದರ ಗರ್ಭಕೋಶವನ್ನು ತೆಗೆದಿದ್ದರಿಂದ ಸಂತಾನಕ್ಕೆ ಅವಕಾಶವಿರಲಿಲ್ಲ. ಅದರ ನಾಲ್ಕು ತದ್ರೂಪಿ ಮರಿಗಳನ್ನು ಕೊರಿಯಾದಲ್ಲಿ ಪಡೆದ ಸಂಗತಿಯು 2008ರಲ್ಲಿ ಪ್ರಕಟವಾಯಿತು. ಮನುಷ್ಯನ ಪ್ರಾಣ ಉಳಿಸುವ ಗುಣವು ನಶಿಸಬಾರದೆಂಬ ಆಸೆಯು ತಪ್ಪಲ್ಲ.

ಆದರೆ ಹುಟ್ಟುವುದು ದೇಹ ಮಾತ್ರ, ಕಲಿತ ವಿದ್ಯೆಯಲ್ಲ. ಒಂದೇ ಚೀಲದ ಬಿಳಿಜೋಳವು ಹಸಿಯಿರುವ ಎರೆಯಲ್ಲಿ ಒಂದು ಬಗೆಯಾಗಿಯೂ ಒಣನೆಲದಲ್ಲಿ ಮತ್ತೊಂದು ಬಗೆಯಾಗಿಯೂ ಬೆಳೆಯುವಂತೆ, ತದ್ರೂಪಿ ಮರಿಯೂ ಸಾಕಣೆ, ಶಿಕ್ಷಣಗಳಿಗೆ ತಕ್ಕಂತೆ ಬೆಳೆಯುವುದು. ಅದನ್ನೂ ಮೊದಲಿನಿಂದಲೇ ಪಳಗಿಸಬೇಕು. ಅಲ್ಲದೆ ಒಂದೇ ರಕ್ತವನ್ನು ಮತ್ತೆ ಮತ್ತೆ ಹೆಚ್ಚಿಸಿದರೆ, ಒಂದಕ್ಕೆ ತಗಲುವ ರೋಗವು ಎಲ್ಲಕ್ಕೂ ತಗಲುವ ಭಯವುಂಟು.

ಆದುದರಿಂದ ತದ್ರೂಪು ಸೃಷ್ಟಿಗೆ ಯಾರಾದರೂ ಧನಸಹಾಯ ಬೇಡಿದಲ್ಲಿ ಊರಿನ ಪ್ರಮುಖರು ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಎಷ್ಟು ನಾಯಿಗಳು ನೋಯುವುವು? ಹುಟ್ಟಿದರೂ ಕೆಲಸಕ್ಕೆ ಬಾರದ ಮರಿಗಳನ್ನು ಸಾಕುವವರಾರು? ಒಳ್ಳೆಯ ತಳಿಯ ಮರಿಗಳನ್ನು ಆರಿಸಿ ಪಳಗಿಸಿದರೆ ಅದೇ ಕಾರ್ಯವು ಸಾಧಿಸದೇ? ಸಮೀಪದ ಮುಧೋಳದ ಬೇಟೆನಾಯಿಯ ತಳಿಯು ಉಳಿದು ಬಂದುದು ಜನರ ಪೋಷಣೆಯಿಂದಲೇ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವೂ ಅದಕ್ಕಾಗಿಯೇ ಸ್ಥಾಪಿತವಾಯಿತು. ಮೂಕಪ್ರಾಣಿಯು ತನ್ನ ಸಮ್ಮತಿಯನ್ನು ಹೇಳಲಾರದು. ಅದರ ಪರವಾಗಿ ಯೋಚಿಸುವುದು ಸಾಕಿದವನ ಕರ್ತವ್ಯ.