‘ಏನ್ ರೇಟ್ರೀ?’ ಎಂದು ಕೇಳುವವರಿಗೆ ಏನು ಹೇಳಬೇಕು?

ರಮಝಾನ್ ಹತ್ತಿರ ಬಂದಾಗ, ಮನೆಯಲ್ಲಿ ಮದುವೆ ನಿಶ್ಚಯವಾದಾಗ ಕಾರ್ಪೆಟ್, ಜಮಖಾನ ತೊಳೆಯುವವರಿಗೆ ಫೋನಿನ ಮೇಲೆ ಫೋನು ಬರುತ್ತವೆ. ಹೆಚ್ಚಿನವರ ಮೊದಲ ಮಾತು ಒಂದೇ: “ಸ್ಕ್ವೇರ್ ಫೂಟಿಗೆ ಏನ್ ರೇಟ್ರೀ?” ಹುನ್ನೂರ, ಜಮಖಂಡಿ, ಬನಹಟ್ಟಿಯ ಕಡೆ ಈ ಕೆಲಸ ಹಿಡಿದಿರುವ ಅಥವಾ ಹಿಡಿಯಬೇಕೆಂದಿರುವ ಯುವಕರೇ, ಆ ಪ್ರಶ್ನೆಗೆ ನೀವು ಕೊಡುವ ಉತ್ತರ ನಿಮ್ಮ ಗಳಿಕೆಗೆ ಮಾತ್ರ ಸಂಬಂಧಿಸಿದ್ದಲ್ಲ. ಆ ಹಾಸಿನ ಮೇಲೆ ಹಣೆಯಿಡುವವರ, ಅಂಬೆಗಾಲಿಡುವ ಮಗುವಿನ ಆರೋಗ್ಯವೂ ಅದರಲ್ಲಿದೆ.

ದರ ಕೇಳುವವರ ಮೇಲೆ ಬೇಸರಪಡಬೇಡಿ. ಕಾರ್ಪೆಟ್ ತೊಳೆಯುವುದರಲ್ಲಿ ಏನೇನು ಕೆಲಸವಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿರುವ ಒಂದೇ ಪ್ರಶ್ನೆಯನ್ನು ಅವರು ಕೇಳುತ್ತಾರೆ. ಮಸೀದಿ ಕಮಿಟಿಯವರಾದರೆ ಜಮಾಅತಿನ ಹಣಕ್ಕೆ ಲೆಕ್ಕ ಕೊಡಬೇಕಾದವರು. ನಾಲ್ಕು ಕಡೆ ವಿಚಾರಿಸುವುದು ಅವರ ಜವಾಬ್ದಾರಿ.

ಅಗ್ಗದ ತೊಳೆತದಲ್ಲಿ ಏನು ತಪ್ಪಿಹೋಗುತ್ತದೆ?

ಕಾರ್ಪೆಟ್ ತೊಳೆಯುವುದೆಂದರೆ ನಾಲ್ಕು ಕೆಲಸ: ಒಣ ಧೂಳು ತೆಗೆಯುವುದು, ಸೋಪು ಹಾಕಿ ಉಜ್ಜುವುದು, ಸೋಪು ಪೂರ್ತಿ ಹೋಗುವಂತೆ ಜಾಲಿಸುವುದು, ಬುಡದವರೆಗೆ ಒಣಗಿಸುವುದು. ದರ ತೀರಾ ಇಳಿದಾಗ ಉಜ್ಜುವ ಕೆಲಸವೊಂದೇ ಉಳಿಯುತ್ತದೆ, ಏಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ.

ನಮ್ಮ ಕಡೆಯದು ಎರೆಮಣ್ಣಿನ ಧೂಳು. ಒಣಗಿದ್ದಾಗ ಬಡಿದರೆ ಉದುರುತ್ತದೆ, ನೀರು ಬಿದ್ದರೆ ಕೆಸರಾಗಿ ನೂಲಿನ ಬುಡಕ್ಕೆ ಇಳಿದು ಅಂಟುತ್ತದೆ. ಬೋರಿನ ನೀರು ಗಡಸಾಗಿದ್ದರೆ ಸೋಪು ಬೇಗ ಬಿಡುವುದಿಲ್ಲ. ಉಳಿದ ಸೋಪು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹೊಸ ಧೂಳನ್ನೂ ಬೇಗ ಹಿಡಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಿನ ಕೇಡು ತೇವದ್ದು. ಒದ್ದೆಯಾಗಿ ಉಳಿದ ಬಟ್ಟೆಯಲ್ಲಿ 24ರಿಂದ 48 ಗಂಟೆಯೊಳಗೆ ಬೂಷ್ಟು ಶುರುವಾಗಬಹುದು. ಡಸ್ಟ್ ಮೈಟ್ ಎಂಬ, ಕಣ್ಣಿಗೆ ಕಾಣದಷ್ಟು ಸಣ್ಣ ಧೂಳುಹುಳಗಳಿಗೂ ತೇವವೇ ಬೇಕು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅವುಗಳ ಆಹಾರ. ಅವುಗಳ ಹಿಕ್ಕೆಯ ಪುಡಿ ಉಸಿರಿನಲ್ಲಿ ಸೇರಿದರೆ ಅಲರ್ಜಿ ಇರುವವರಿಗೆ ಸೀನು, ಕಣ್ಣುರಿ, ಉಬ್ಬಸ ಬರುತ್ತದೆ. ಸಜ್ದಾದಲ್ಲಿ ಮೂಗು ಹಾಸಿಗೆ ತಾಗಿರುತ್ತದೆ. ವುಝೂ ಮಾಡಿದ ಒದ್ದೆ ಕಾಲುಗಳಿಂದ ಮಸೀದಿಯ ಸಾಲುಗಳಿಗೆ ದಿನಕ್ಕೆ ಐದು ಸಲ ತೇವ ಸೇರುತ್ತಲೇ ಇರುತ್ತದೆ. ಅರ್ಧ ಒಣಗಿದ ಕಾರ್ಪೆಟ್ ಅಲ್ಲಿಗೆ ಹೋದರೆ ತೊಳೆಯದಿದ್ದುದಕ್ಕಿಂತ ಕೆಡುಕು.

ಮೊದಲು ದರ ಹೇಳಿ, ಆಮೇಲೆ ಕೇಳಿ

ದರ ಕೇಳಿದವರಿಗೆ “ಬಂದು ನೋಡಿ ಹೇಳ್ತೀನಿ” ಎಂದಷ್ಟೇ ಹೇಳಿದರೆ, ಇವನು ಏನೋ ಮುಚ್ಚಿಡುತ್ತಾನೆ ಎಂದು ಅವರಿಗೆ ಅನಿಸುತ್ತದೆ. ಒಂದೇ ಅಂಕಿ ಹೇಳಿ ಆಮೇಲೆ ಏರಿಸಿದರೆ ಜಗಳವಾಗುತ್ತದೆ. ಆದ್ದರಿಂದ ಕನಿಷ್ಠ, ಗರಿಷ್ಠ ಎರಡನ್ನೂ ಹೇಳಿ, ತಕ್ಷಣ ಪ್ರಶ್ನೆ ಕೇಳಿ:

“ಚಾಚಾ, ಚದರ ಅಡಿಗೆ ನಾಕರಿಂದ ಆರು ರೂಪಾಯಿ ಆಗ್ತದರೀ. ಖರೆ ರೇಟ್ ಹೇಳಬೇಕಂದ್ರ ನಾಕ್ ಮಾತು ಕೇಳಬೇಕು. ಮಸೀದಿದೋ, ಮನಿದೋ?”

ಕೇಳಬೇಕಾದ ಪ್ರಶ್ನೆಗಳು ಇವು:

1. ಉದ್ದ ಎಷ್ಟು, ಅಗಲ ಎಷ್ಟು, ಎಷ್ಟು ಹಾಸುಗಳಿವೆ?

2. ಯಾವ ನೂಲು? ಗೊತ್ತಿಲ್ಲವೆಂದರೆ ಮಾಲೀಕರ ಒಪ್ಪಿಗೆ ಪಡೆದು ಅಂಚಿನ ಒಂದು ಎಳೆ ಕಿತ್ತು ದೂರದಲ್ಲಿ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ. ಪ್ಲಾಸ್ಟಿಕ್ ನೂಲಾದರೆ ಕರಗಿ ಗಟ್ಟಿ ಉಂಡೆಯಾಗುತ್ತದೆ. ಉಣ್ಣೆಗೆ ಬಿಸಿನೀರೂ ಬ್ಲೀಚಿಂಗ್ ಪೌಡರೂ ಬೇಡ. ಹಿಂಬದಿಗೆ ಸೆಣಬು ಇದ್ದರೆ ಅತಿಯಾಗಿ ನೆನೆಸಬೇಡಿ, ಮೇಲೆ ಕಂದು ಕಲೆ ಏಳುತ್ತದೆ.

3. ಬಣ್ಣ ಬಿಡುತ್ತದೆಯೇ? ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಮೂಲೆಯಲ್ಲಿ ಒತ್ತಿ ನೋಡಿ. ಧಾರವಾಡ ಜಿಲ್ಲೆಯ ನವಲಗುಂದದ ಕೈಮಗ್ಗದ ಹತ್ತಿ ಜಮಖಾನಗಳು ಭೌಗೋಳಿಕ ಸೂಚಿ ಮಾನ್ಯತೆ ಪಡೆದವು, ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳ ಕೈಕೆಲಸ. ಅಂಥ ಹಳೆಯ ಜಮಖಾನಕ್ಕೆ ಜೆಟ್ ಪಂಪ್ ಹಿಡಿಯಬೇಡಿ.

4. ಮಗುವಿನ ಉಚ್ಚೆ, ಎಣ್ಣೆ, ಚಹಾದ ಕಲೆ ಇದೆಯೇ? ಮನೆಯಲ್ಲಿ ಉಬ್ಬಸ ಇರುವವರು ಇದ್ದಾರೆಯೇ? ಸಂಕೋಚವಿಲ್ಲದೆ ಕೇಳಿ. ಕೇಳಿದ್ದರಿಂದಲೇ ನಿಮಗೆ ಕೆಲಸ ಗೊತ್ತಿದೆ ಎಂಬ ನಂಬಿಕೆ ಅವರಲ್ಲಿ ಮೂಡುತ್ತದೆ.

ನಿಮ್ಮ ಲೆಕ್ಕ ನಿಮಗೆ ಗೊತ್ತಿರಲಿ

ಖರ್ಚು ಗೊತ್ತಿಲ್ಲದವನು ಚೌಕಾಸಿಗೆ ಬೇಗ ಮಣಿಯುತ್ತಾನೆ. ಒಂದು ಉದಾಹರಣೆ ನೋಡಿ. ಮಸೀದಿಯ 10 ಹಾಸುಗಳು, ಪ್ರತಿಯೊಂದೂ 4 ಅಡಿ ಅಗಲ, 30 ಅಡಿ ಉದ್ದ ಎಂದುಕೊಳ್ಳಿ. ಒಟ್ಟು 1,200 ಚದರ ಅಡಿ. ಇಬ್ಬರ ಎರಡು ದಿನದ ಕೂಲಿ, ತಲಾ 600ರಂತೆ 2,400 ರೂಪಾಯಿ. ಟೆಂಪೋ 800, ಸೋಪು ಮತ್ತು ನೀರು 700, ಕರೆಂಟು ಮತ್ತು ಯಂತ್ರದ ಸವಕಳಿ 500. ಒಟ್ಟು 4,400. ಅಂದರೆ ಚದರ ಅಡಿಗೆ ಸುಮಾರು 3 ರೂಪಾಯಿ 67 ಪೈಸೆ ಬರಿ ಖರ್ಚು. ಅದರ ಮೇಲೆ ಶೇ. 20 ಇಟ್ಟರೆ 4 ರೂಪಾಯಿ 40 ಪೈಸೆ. ನಿಮ್ಮ ಊರಿನ ಕೂಲಿ, ಬಾಡಿಗೆ ಹಾಕಿ ಹೀಗೆಯೇ ಲೆಕ್ಕ ಮಾಡಿ ಬರೆದಿಟ್ಟುಕೊಳ್ಳಿ.

“ಆಚೆ ಊರಾಂವ ಮೂರು ರೂಪಾಯಿಗೆ ಮಾಡ್ತಾನ” ಎಂದರೆ ಅವನನ್ನು ಹಳಿಯಬೇಡಿ. “ಇರಬಹುದರೀ. ಎಷ್ಟು ಸಲ ಜಾಲಿಸ್ತಾರ, ಎಷ್ಟು ದಿನ ಒಣಗಸ್ತಾರ, ಅದೊಂದು ಕೇಳ್ರಿ” ಎನ್ನಿ. ಅಷ್ಟೇ ಸಾಕು.

ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಬಾರದು

ಗಿರಾಕಿಯ ಕೈಯಲ್ಲಿ ನಿಜವಾಗಿಯೂ ಹಣ ಕಡಿಮೆ ಇದ್ದರೆ ಕೆಲಸವನ್ನು ಹಂಚಿಕೊಳ್ಳಿ. ಜಮಾಅತಿನ ಹುಡುಗರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲಿ ಧೂಳು ಬಡಿದು ಕೊಡಲಿ. ಉಬ್ಬಸ ಇರುವವರು ಮಾತ್ರ ಆಗ ದೂರವಿರಲಿ. ಹಾಸುಗಳನ್ನು ಅವರೇ ತಂದು ಒಯ್ದರೆ ಟೆಂಪೋ ಖರ್ಚು ಉಳಿಯುತ್ತದೆ. ಈ ತಿಂಗಳು ಐದು ಹಾಸು, ಮುಂದಿನ ತಿಂಗಳು ಐದು ಎಂದೂ ಮಾಡಬಹುದು.

ಜಾಲಿಸುವುದು ಮತ್ತು ಒಣಗಿಸುವುದು, ಈ ಎರಡನ್ನು ಮಾತ್ರ ಯಾವ ದರಕ್ಕೂ ಕಡಿತ ಮಾಡಬೇಡಿ. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು(ಸ) ಕೈಯಿಟ್ಟಾಗ ಒಳಗೆ ತೇವ ಸಿಕ್ಕಿದ್ದು, ಜನರಿಗೆ ಕಾಣುವಂತೆ ಅದನ್ನು ಮೇಲಿಡಬೇಕಿತ್ತಲ್ಲ ಎಂದು ಅವರು ವ್ಯಾಪಾರಿಯನ್ನು ಕೇಳಿದ್ದು ನಮಗೆಲ್ಲ ಗೊತ್ತಿರುವ ಸಂಗತಿ. ಮೇಲೆ ಒಣಗಿ ಬುಡದಲ್ಲಿ ಹಸಿಯಾಗಿರುವ ಕಾರ್ಪೆಟ್‌ನ ಕಥೆಯೂ ಅದೇ.

ಬೇಸಿಗೆಯ ಬಿಸಿಲಲ್ಲಿ ನಮ್ಮ ಕಡೆ ಹಾಸು ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಫ್ಯಾನು ಹಾಕಿದರೂ ಹೆಚ್ಚು ದಿನ ಬೇಕು. ಅದನ್ನು ಮೊದಲೇ ಹೇಳಿ. “ನಾಳೆ ಜುಮಾಕ್ಕೆ ಬೇಕೇ ಬೇಕು” ಎಂದು ಮೋಡದ ದಿನ ಒತ್ತಾಯಿಸಿದರೆ ಆ ಕೆಲಸ ಬಿಡುವುದೇ ಲೇಸು. ಹಗ್ಗಕ್ಕೆ ಹಾಕಿದ್ದನ್ನು ತೆಗೆಯುವ ಮುನ್ನ ಹಿಂಬದಿಗೆ ಅಂಗೈ ಒತ್ತಿ ನೋಡಿ. ತಂಪು ತಾಗಿದರೆ ಇನ್ನೂ ಒಣಗಿಲ್ಲ.

ಬೇಗ ಬೆಳ್ಳಗಾಗಲೆಂದು ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ನಿಮ್ಮ ಶ್ವಾಸಕೋಶವನ್ನೇ ಸುಡುತ್ತದೆ.

ಮಾತು ಮುಗಿಸುವ ಮುನ್ನ

ಒಪ್ಪಿದ ಅಳತೆ, ದರ, ಮರಳಿಸುವ ದಿನ, ಹೋಗದ ಕಲೆಗಳು, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. “ಎಲ್ಲಾ ಕಲೆ ಹೋಗ್ತಾವ” ಎಂಬ ಭರವಸೆ ಕೊಡಬೇಡಿ. ಅವರು ಬೇಡವೆಂದರೆ, “ಆಗ್ಲಿ ಚಾಚಾ, ಯಾರ ಕಡೆ ತೊಳಸಿದ್ರೂ ಪೂರಾ ಒಣಗಿದ ಮ್ಯಾಲ ಹಾಸ್ರಿ” ಎಂದು ಹೇಳಿ ಫೋನ್ ಇಡಿ. ಈ ಸಲ ಅವರು ಬೇರೆಯವರ ಬಳಿ ಹೋದರೂ ಅವರಿಗೆ ಬೇಕಾದ ಮಾತು ತಲುಪಿದೆ.

ತೊಳೆಸುವ ಮನೆಯವರಿಗೂ ಕಮಿಟಿಯವರಿಗೂ ಒಂದು ವಿನಂತಿ. ದರದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: “ಒಣಗಸಾಕ ಎಷ್ಟು ದಿನಾ ತೊಗೋತೀರಿ?” ಅದಕ್ಕೆ ಬರುವ ಉತ್ತರದಲ್ಲಿ ನಿಮ್ಮ ಹಣಕ್ಕೆ ಏನು ಸಿಗುತ್ತದೆ ಎಂಬುದು ತಿಳಿಯುತ್ತದೆ.