ಗೇರ್ ಪೆಟ್ಟಿಗೆಯಲ್ಲಿ ಎಣ್ಣೆ ಎಷ್ಟಿದೆ?

ಮಕ್ಕಳೇ, ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಒಂದು ಹಳ್ಳಿ. ಅಲ್ಲೊಂದು ಹಳೆಯ ಮಾರುತಿ 800 ಕಾರು. ಮದುವೆಗೆ, ಸಂತೆಗೆ, ಪೇಟೆಯ ಆಸ್ಪತ್ರೆಗೆ, ಎಲ್ಲಕ್ಕೂ ಅದೇ ಕಾರು. ಒಂದು ರಾತ್ರಿ ಗರ್ಭಿಣಿಯೊಬ್ಬರಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಕಾರು ಹೊರಟಿತು. ಪೆಟ್ರೋಲ್ ಇತ್ತು. ಟೈರುಗಳಲ್ಲಿ ಗಾಳಿ ಇತ್ತು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕೆಲವು ದಿನಗಳಿಂದ ಕೇಳಿಸುತ್ತಿದ್ದ ‘ಕುಂಯ್’ ಎಂಬ ಸದ್ದು ಅರ್ಧ ದಾರಿಯಲ್ಲಿ ಜೋರಾಯಿತು. ಆಮೇಲೆ ‘ಕಟಕಟ’ ಎಂದಿತು. ಕಾರು ನಿಂತೇಬಿಟ್ಟಿತು. ಎಂಜಿನ್ ತಿರುಗುತ್ತಿದೆ, ಚಕ್ರ ಮಾತ್ರ ತಿರುಗುತ್ತಿಲ್ಲ! ಬೇರೊಂದು ವಾಹನ ಬರುವವರೆಗೆ ಎಲ್ಲರೂ ಕತ್ತಲೆಯಲ್ಲಿ ಕಾಯಬೇಕಾಯಿತು.

ಆಗಿದ್ದೇನು? ಕಾರಿನ ಗೇರ್ ಪೆಟ್ಟಿಗೆಯಿಂದ ಎಷ್ಟೋ ತಿಂಗಳಿಂದ ಹನಿಹನಿಯಾಗಿ ಎಣ್ಣೆ ಸೋರಿಹೋಗುತ್ತಿತ್ತು. ಯಾರೂ ನೋಡಿರಲಿಲ್ಲ. ಎಣ್ಣೆ ಇಲ್ಲದೆ ಒಳಗಿನ ಹಲ್ಲುಗಾಲಿಗಳು ಸವೆದು ಮುರಿದುಹೋದವು. ಇಂತಹ ತೊಂದರೆಯನ್ನು ತಪ್ಪಿಸುವುದು ಕಷ್ಟವೇನಲ್ಲ. ಅದು ಹೇಗೆ, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಈಗ ತಿಳಿಯೋಣ.

ಗೇರ್ ಪೆಟ್ಟಿಗೆ ಏಕೆ ಬೇಕು?

ಮಾರುತಿ 800 ಕಾರು 1983ರ ಡಿಸೆಂಬರ್‌ನಲ್ಲಿ ನಮ್ಮ ರಸ್ತೆಗಳಿಗೆ ಬಂದಿತು. 2014ರ ಜನವರಿಯಲ್ಲಿ ಇದರ ತಯಾರಿಕೆ ನಿಂತಿತು. ಅಷ್ಟರೊಳಗೆ 25 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗಿದ್ದವು. ಅದರಲ್ಲಿರುವುದು ಮೂರು ಸಿಲಿಂಡರ್‌ಗಳ 796 ಸಿ.ಸಿ.ಯ ಪುಟ್ಟ ಎಂಜಿನ್. ಐದು ಜನರನ್ನು ಕೂರಿಸಿಕೊಂಡು ಏರು ಹತ್ತಲು ಈ ಪುಟ್ಟ ಎಂಜಿನ್‌ಗೆ ಸಹಾಯ ಬೇಕು. ಆ ಸಹಾಯ ಮಾಡುವುದೇ ಗೇರ್ ಪೆಟ್ಟಿಗೆ.

12 ಹಲ್ಲುಗಳಿರುವ ಚಿಕ್ಕ ಗಾಲಿಯೊಂದು 36 ಹಲ್ಲುಗಳಿರುವ ದೊಡ್ಡ ಗಾಲಿಯನ್ನು ತಿರುಗಿಸುತ್ತಿದೆ ಎಂದಿಟ್ಟುಕೊಳ್ಳಿ. ಚಿಕ್ಕ ಗಾಲಿ ಮೂರು ಸುತ್ತು ತಿರುಗಿದಾಗ ದೊಡ್ಡದು ಒಂದೇ ಸುತ್ತು ತಿರುಗುತ್ತದೆ. ವೇಗ ಮೂರನೇ ಒಂದು ಭಾಗವಾಯಿತು. ಆದರೆ ತಿರುಗಿಸುವ ಬಲ ಸುಮಾರು ಮೂರು ಪಟ್ಟು ಹೆಚ್ಚಾಯಿತು. ಏರು ಹತ್ತುವಾಗ ಚಾಲಕರು ಕೆಳಗಿನ ಗೇರ್ ಹಾಕುವುದು ಇದಕ್ಕಾಗಿಯೇ. ಸಮತಟ್ಟಾದ ರಸ್ತೆಯಲ್ಲಿ ಬಲ ಕಡಿಮೆ ಸಾಕು, ವೇಗ ಬೇಕು. ಆಗ ಮೇಲಿನ ಗೇರ್ ಹಾಕುತ್ತಾರೆ.

ಮಾರುತಿ 800ರಲ್ಲಿ ಮುಂದಿನ ಚಕ್ರಗಳು ಕಾರನ್ನು ಎಳೆಯುತ್ತವೆ. ಆದ್ದರಿಂದ ಎಂಜಿನ್, ಗೇರ್ ಪೆಟ್ಟಿಗೆ ಎರಡೂ ಮುಂಭಾಗದಲ್ಲಿಯೇ ಇವೆ. ಗೇರ್ ಪೆಟ್ಟಿಗೆಯ ಎರಡೂ ಬದಿಯಿಂದ ಒಂದೊಂದು ದಂಡ ಹೊರಬಂದು ಚಕ್ರಗಳನ್ನು ಸೇರುತ್ತದೆ. ಈ ದಂಡಗಳು ಹೊರಬರುವ ಜಾಗದಲ್ಲಿ ಎಣ್ಣೆ ಸೋರದಂತೆ ರಬ್ಬರಿನ ಬಳೆಯಂತಹ ಸೀಲ್ ಇರುತ್ತದೆ. ಕಾರು ಹಳೆಯದಾದಂತೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಸೋರಿಕೆ ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ.

ಎಣ್ಣೆಯ ಕೆಲಸವೇನು?

ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ನಿಮ್ಮ ಅಜ್ಜ ನೋಡಿರಬಹುದು, ಕೇಳಿ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಬೆರೆಸಿ ಕೀಲೆಣ್ಣೆ ಮಾಡುತ್ತಿದ್ದರು. ಕೀಲೆಣ್ಣೆ ಇಲ್ಲದ ಗಾಡಿ ಕಿರ್ರೋ ಎನ್ನುತ್ತಿತ್ತು. ಎತ್ತುಗಳು ಬೇಗ ದಣಿಯುತ್ತಿದ್ದವು.

ಕಾರಿನ ಹಲ್ಲುಗಾಲಿಗಳಿಗೂ ಇದೇ ನಿಯಮ. ಉಕ್ಕಿನ ಹಲ್ಲು ಉಕ್ಕಿನ ಹಲ್ಲನ್ನು ಒತ್ತುತ್ತಾ ಜಾರುತ್ತದೆ. ಇದರಿಂದ ಘರ್ಷಣೆ ಉಂಟಾಗುತ್ತದೆ. ಘರ್ಷಣೆಯಿಂದ ಶಾಖ, ಶಾಖ ಮತ್ತು ಉಜ್ಜುವಿಕೆಯಿಂದ ಸವೆತ. ಎಣ್ಣೆಯು ಎರಡು ಹಲ್ಲುಗಳ ನಡುವೆ ತೆಳುವಾದ ಪದರವಾಗಿ ನಿಂತು ಅವು ನೇರವಾಗಿ ಉಜ್ಜಿಕೊಳ್ಳದಂತೆ ತಡೆಯುತ್ತದೆ. ಶಾಖವನ್ನು ಹೊತ್ತೊಯ್ದು ಪೆಟ್ಟಿಗೆಯ ಗೋಡೆಗೆ ಮುಟ್ಟಿಸುತ್ತದೆ. ಸವೆದ ಲೋಹದ ಪುಡಿಯನ್ನು ತಳಕ್ಕೆ ಸಾಗಿಸುತ್ತದೆ. ತುಕ್ಕು ಹಿಡಿಯದಂತೆಯೂ ಕಾಪಾಡುತ್ತದೆ.

ಇಲ್ಲಿ ಒಂದು ವಿಶೇಷವಿದೆ. ಎಂಜಿನ್‌ನಲ್ಲಿ ಎಣ್ಣೆಯನ್ನು ಮೇಲೆತ್ತಲು ಪಂಪ್ ಇದೆ. ಎಣ್ಣೆಯ ಒತ್ತಡ ಇಳಿದರೆ ಚಾಲಕರ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಎಣ್ಣೆ ಎಷ್ಟಿದೆ ಎಂದು ನೋಡಲು ಅಳತೆ ಕಡ್ಡಿಯೂ ಇದೆ. ಇಂತಹ ಗೇರ್ ಪೆಟ್ಟಿಗೆಯಲ್ಲಿ ಪಂಪ್ ಇಲ್ಲ, ದೀಪವೂ ಇಲ್ಲ. ಕೆಳಗಿನ ಹಲ್ಲುಗಾಲಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಅವು ತಿರುಗುವಾಗ ಎಣ್ಣೆಯನ್ನು ಮೇಲಕ್ಕೆ ಎರಚುತ್ತವೆ. ಕೆಸರಿನಲ್ಲಿ ಓಡುವ ಸೈಕಲ್ ಚಕ್ರ ನಿಮ್ಮ ಬೆನ್ನಿಗೆ ಕೆಸರು ಎರಚುವುದಿಲ್ಲವೇ, ಹಾಗೆ! ಎಣ್ಣೆಯ ಮಟ್ಟ ಇಳಿದರೆ ಎರಚಲು ಎಣ್ಣೆಯೇ ಇರುವುದಿಲ್ಲ. ಮೇಲಿನ ಗಾಲಿಗಳು ಒಣಗುತ್ತವೆ. ಯಾವ ದೀಪವೂ ಎಚ್ಚರಿಸುವುದಿಲ್ಲ. ಆದ್ದರಿಂದ ನಾವೇ ನೋಡಬೇಕು.

ಲೆಕ್ಕ ಹಾಕಿ

ಐದು ನಿಮಿಷಕ್ಕೆ ಒಂದು ಹನಿ ಎಣ್ಣೆ ಸೋರುತ್ತಿದೆ. 30 ಹನಿ ಸೇರಿದರೆ 1 ಮಿಲಿಲೀಟರ್ ಎಂದಿಟ್ಟುಕೊಳ್ಳೋಣ. ಒಂದು ಗಂಟೆಗೆ 12 ಹನಿ. ಒಂದು ದಿನಕ್ಕೆ 288 ಹನಿ, ಅಂದರೆ 9.6 ಮಿಲಿಲೀಟರ್. ಎರಡು ಚಮಚೆಯಷ್ಟೂ ಇಲ್ಲ! ಆದರೆ ಹೀಗೆಯೇ ಸೋರುತ್ತಿದ್ದರೆ 52 ದಿನಗಳಲ್ಲಿ ಅರ್ಧ ಲೀಟರ್ ಹೋಗಿರುತ್ತದೆ. ಪೆಟ್ಟಿಗೆಯಲ್ಲಿ ಇರುವುದೇ ಸುಮಾರು ಎರಡು ಲೀಟರ್ ಆಗಿದ್ದರೆ ನಾಲ್ಕನೇ ಒಂದು ಭಾಗ ಖಾಲಿ. ಹನಿಯೆಂದು ಅಲಕ್ಷ್ಯ ಮಾಡಬಾರದು, ಅಲ್ಲವೇ?

ಮಟ್ಟವನ್ನು ನೋಡುವುದು ಹೇಗೆ?

ಗೇರ್ ಪೆಟ್ಟಿಗೆಗೆ ಎರಡು ಬಿರಡೆಗಳಿರುತ್ತವೆ. ಒಂದು ಪಕ್ಕದಲ್ಲಿ, ಇನ್ನೊಂದು ತಳದಲ್ಲಿ. ಪಕ್ಕದ ತೂತಿನಿಂದ ಎಣ್ಣೆ ತುಂಬಿಸುತ್ತಾರೆ. ತಳದ ತೂತಿನಿಂದ ಹಳೆಯ ಎಣ್ಣೆಯನ್ನು ಹೊರಬಿಡುತ್ತಾರೆ. ಪಕ್ಕದ ತೂತಿಗೆ ಇನ್ನೊಂದು ಕೆಲಸವೂ ಇದೆ. ಅದೇ ಎಣ್ಣೆಯ ಅಳತೆಗೋಲು! ಎಣ್ಣೆ ಆ ತೂತಿನ ಕೆಳ ಅಂಚಿನವರೆಗೆ ಇದ್ದರೆ ಸರಿಯಾಗಿದೆ ಎಂದರ್ಥ. ಇದನ್ನು ಅರ್ಥಮಾಡಿಕೊಳ್ಳಲು ಒಂದು ಪ್ರಯೋಗ ಮಾಡೋಣ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ, ನೀರು, ಒಂದು ತಟ್ಟೆ.

ಬಾಟಲಿಯ ಪಕ್ಕದಲ್ಲಿ, ಅರ್ಧ ಎತ್ತರದಲ್ಲಿ, ಪೆನ್ಸಿಲ್ ತೂರುವಷ್ಟು ತೂತು ಮಾಡಿ. ಇದಕ್ಕೆ ನಿಮ್ಮ ಶಿಕ್ಷಕರ ಸಹಾಯ ಪಡೆಯಿರಿ. ಬಾಟಲಿಯನ್ನು ತಟ್ಟೆಯಲ್ಲಿ ನೇರವಾಗಿ ನಿಲ್ಲಿಸಿ ಮೇಲಿನಿಂದ ನಿಧಾನವಾಗಿ ನೀರು ಸುರಿಯಿರಿ. ನೀರು ತೂತಿನ ಅಂಚಿಗೆ ಬಂದಾಗ ಹೊರಗೆ ಸುರಿಯತೊಡಗುತ್ತದೆ. ಸುರಿಯುವುದನ್ನು ನಿಲ್ಲಿಸಿ. ಈಗ ನೀರು ಎಲ್ಲಿಗೆ ನಿಂತಿತು?

ಈಗ ಬಾಟಲಿಯನ್ನು ತೂತು ಮೇಲಾಗುವಂತೆ ಓರೆ ಮಾಡಿ ಮತ್ತೆ ನೀರು ಸುರಿಯಿರಿ. ಹೆಚ್ಚು ನೀರು ಹಿಡಿಯುತ್ತದೆ. ತೂತು ಕೆಳಗಾಗುವಂತೆ ಓರೆ ಮಾಡಿದರೆ? ಇದ್ದ ನೀರೂ ಹೊರಗೆ ಹರಿಯುತ್ತದೆ. ತೂತು ಅದೇ, ಬಾಟಲಿ ಅದೇ. ಆದರೆ ಅಳತೆ ಬೇರೆಯಾಯಿತು!

ನಿಂತ ದ್ರವದ ಮೇಲ್ಮೈ ಯಾವಾಗಲೂ ಸಮತಲವಾಗಿರುತ್ತದೆ. ಪಾತ್ರೆ ಓರೆಯಾದರೂ ದ್ರವ ಓರೆಯಾಗುವುದಿಲ್ಲ. ಹಾಗಾಗಿ ಎಣ್ಣೆ ನೋಡುವಾಗ ಕಾರು ಸಮತಟ್ಟಾಗಿ ನಿಂತಿರಬೇಕು. ಮುಂಭಾಗವನ್ನು ಮಾತ್ರ ಎತ್ತಿ ನೋಡಿದರೆ ಅಳತೆ ತಪ್ಪಾಗುತ್ತದೆ. ಗ್ಯಾರೇಜಿನಲ್ಲಿ ಇಳಿದು ನೋಡುವ ಗುಂಡಿ ಇರುವುದೇಕೆ ಎಂದು ಈಗ ಹೊಳೆಯಿತೇ? ಕಾರನ್ನು ಎತ್ತದೆಯೇ ಅದರ ಅಡಿಯನ್ನು ನೋಡಬಹುದು.

ಯಾವ ಬಿರಡೆ ಮೊದಲು?

ಎಣ್ಣೆ ಬದಲಾಯಿಸಲು ಯಾವ ಬಿರಡೆಯನ್ನು ಮೊದಲು ತೆಗೆಯಬೇಕು? ಸ್ವಲ್ಪ ಯೋಚಿಸಿ, ಮುಂದೆ ಓದಿ.

ತಳದ್ದು ಎಂದಿರಾ? ಹಾಗಾದರೆ ಕೇಳಿ. ತಳದ ಬಿರಡೆ ತೆಗೆದಿರಿ, ಎಣ್ಣೆಯೆಲ್ಲ ಸುರಿದುಹೋಯಿತು. ಆಮೇಲೆ ಪಕ್ಕದ ಬಿರಡೆ ತುಕ್ಕು ಹಿಡಿದು ಬರಲೇ ಇಲ್ಲ. ಈಗ ಹೊಸ ಎಣ್ಣೆ ತುಂಬಿಸುವುದು ಎಲ್ಲಿಂದ? ಕಾರು ಅಲ್ಲೇ ಉಳಿಯಿತು. ಆದ್ದರಿಂದ ಅನುಭವಿ ಮೆಕ್ಯಾನಿಕ್‌ಗಳು ಮೊದಲು ಪಕ್ಕದ ಬಿರಡೆಯನ್ನೇ ಸಡಿಲಿಸುತ್ತಾರೆ. ಅದು ಬಿಚ್ಚಿಕೊಂಡ ಮೇಲೆಯೇ ತಳದ ಬಿರಡೆಗೆ ಕೈ ಹಾಕುತ್ತಾರೆ. ತುಂಬುವ ದಾರಿ ಇದೆಯೇ ಎಂದು ನೋಡಿಕೊಂಡು ಖಾಲಿ ಮಾಡುವುದು ಜಾಣತನ.

ಕೆಲಸದ ಕ್ರಮ ಹೀಗಿದೆ:

1. ಕಾರನ್ನು ಸ್ವಲ್ಪ ಓಡಿಸಿ ತಂದು, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸುವುದು. ಬೆಚ್ಚಗಿನ ಎಣ್ಣೆ ತೆಳುವಾಗಿ ಚೆನ್ನಾಗಿ ಹರಿಯುತ್ತದೆ. ಸುಡುವಷ್ಟು ಬಿಸಿ ಇರಬಾರದು.
2. ಬಿರಡೆಗಳ ಸುತ್ತಲಿನ ಮಣ್ಣನ್ನು ಒರೆಸುವುದು. ಒಂದು ಚಿಟಿಕೆ ಮರಳು ಒಳಗೆ ಹೋದರೂ ಹಲ್ಲುಗಳಿಗೆ ಕೇಡು.
3. ಪಕ್ಕದ ಬಿರಡೆ ತೆಗೆದು ಮಟ್ಟ ನೋಡುವುದು. ಸ್ವಲ್ಪ ಕಡಿಮೆ ಇದ್ದರೆ ಅಲ್ಲಿಂದಲೇ ತುಂಬಿಸಿದರೆ ಸಾಕು.
4. ಎಣ್ಣೆ ಹಳೆಯದಾಗಿದ್ದರೆ ತಳದಲ್ಲಿ ಅಗಲವಾದ ಪಾತ್ರೆ ಇಟ್ಟು, ತಳದ ಬಿರಡೆ ತೆಗೆದು, ಪೂರ್ತಿ ಸೋರಲು ಬಿಡುವುದು.
5. ತಳದ ಬಿರಡೆಯನ್ನು ಒರೆಸಿ ಮತ್ತೆ ಹಾಕಿ ಬಿಗಿಗೊಳಿಸುವುದು. ಎಷ್ಟೋ ಕಾರುಗಳಲ್ಲಿ ಈ ಬಿರಡೆಯ ತುದಿಗೆ ಅಯಸ್ಕಾಂತ ಇರುತ್ತದೆ. ಅದು ಕಬ್ಬಿಣದ ಪುಡಿಯನ್ನು ಹಿಡಿದಿಡುತ್ತದೆ.
6. ಆಲಿಕೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಪಕ್ಕದ ತೂತಿನಿಂದ ಹೊಸ ಎಣ್ಣೆ ತುಂಬಿಸುವುದು. ಅಂಚಿನಿಂದ ಹೊರಗೆ ಜಿನುಗಿದಾಗ ನಿಲ್ಲಿಸುವುದು.
7. ಪಕ್ಕದ ಬಿರಡೆ ಹಾಕಿ, ಕಾರನ್ನು ಸ್ವಲ್ಪ ಓಡಿಸಿ, ಸೋರುತ್ತಿದೆಯೇ ಎಂದು ಮತ್ತೊಮ್ಮೆ ನೋಡುವುದು.

ಹೆಚ್ಚು ಎಣ್ಣೆ ಹಾಕಿದರೆ ಒಳ್ಳೆಯದಲ್ಲವೇ ಎನ್ನಬಹುದು. ಅಲ್ಲ! ಹೆಚ್ಚಾದ ಎಣ್ಣೆಯನ್ನು ಗಾಲಿಗಳು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತವೆ. ನೊರೆಯಲ್ಲಿ ಗಾಳಿಯೇ ಹೆಚ್ಚು. ಅದು ಹಲ್ಲುಗಳನ್ನು ಕಾಪಾಡುವುದಿಲ್ಲ. ಸೀಲ್‌ಗಳಿಂದ ಸೋರಿಕೆಯೂ ಹೆಚ್ಚುತ್ತದೆ.

ಯಾವ ಎಣ್ಣೆ?

ಗೇರ್ ಎಣ್ಣೆಯ ಡಬ್ಬಿಯ ಮೇಲೆ 75ಡಬ್ಲ್ಯು-90 ಅಥವಾ 80ಡಬ್ಲ್ಯು-90 ಎಂದು ಬರೆದಿರುವುದನ್ನು ನೋಡಬಹುದು. ಇದು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು ತಿಳಿಸುತ್ತದೆ. ಡಬ್ಲ್ಯು ಅಕ್ಷರವಿರುವ ಸಂಖ್ಯೆ ಚಳಿಯಲ್ಲಿನ ಗುಣ, ಇನ್ನೊಂದು ಬಿಸಿಯಲ್ಲಿನ ಗುಣ.

ಡಬ್ಬಿಯ ಮೇಲೆ ಜಿಎಲ್-4 ಅಥವಾ ಜಿಎಲ್-5 ಎಂಬ ಗುರುತೂ ಇರುತ್ತದೆ. ಹಲ್ಲುಗಳ ನಡುವೆ ಒತ್ತಡ ಬಹಳ ಹೆಚ್ಚು. ಬರಿಯ ಎಣ್ಣೆಯ ಪದರ ಅಲ್ಲಿ ಹಿಂಡಿಹೋಗುತ್ತದೆ. ಅದಕ್ಕಾಗಿ ಗಂಧಕ, ರಂಜಕ ಇರುವ ರಾಸಾಯನಿಕಗಳನ್ನು ಬೆರೆಸುತ್ತಾರೆ. ಗೇರ್ ಎಣ್ಣೆಗೆ ಕಟು ವಾಸನೆ ಬರುವುದು ಇದರಿಂದಲೇ. ಜಿಎಲ್-5ರಲ್ಲಿ ಇವು ಹೆಚ್ಚು. ಹಾಗಾದರೆ ಅದೇ ಉತ್ತಮವೇ? ಹಳೆಯ ಕಾರುಗಳ ಗೇರ್ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಬಳೆಗಳಿರುತ್ತವೆ. ಗೇರ್ ಬದಲಾಯಿಸುವಾಗ ಎರಡು ಗಾಲಿಗಳ ವೇಗವನ್ನು ಸಮ ಮಾಡುವುದು ಅವುಗಳ ಕೆಲಸ. ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಯನ್ನು ಕೊರೆಯಬಲ್ಲವು. ಆದ್ದರಿಂದ ‘ಹೆಚ್ಚು ಸಂಖ್ಯೆ, ಹೆಚ್ಚು ಒಳ್ಳೆಯದು’ ಎಂದು ತಿಳಿಯಬಾರದು. ಕಾರಿನ ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ, ಹೇಳಿದಷ್ಟೇ ಹಾಕಬೇಕು.

ನೀವು ಪತ್ತೇದಾರರಾಗಿ!

ಮನೆಯಲ್ಲಿ ಅಥವಾ ನೆರೆಯಲ್ಲಿ ಹಳೆಯ ಕಾರು ಇದ್ದರೆ, ರಾತ್ರಿ ಅದರ ಎಂಜಿನ್ ಭಾಗದ ಅಡಿಗೆ ಹಳೆಯ ದಿನಪತ್ರಿಕೆ ಹರಡಲು ಹಿರಿಯರಿಗೆ ಹೇಳಿ. ಬೆಳಿಗ್ಗೆ ಅದನ್ನು ಹೊರಗೆಳೆದು ನೋಡಿ. ಕಪ್ಪು ಕಲೆ ಇದ್ದರೆ ಎಂಜಿನ್ ಎಣ್ಣೆ ಇರಬಹುದು. ಜೇನಿನ ಅಥವಾ ಕಂದು ಬಣ್ಣದ, ಮಂದವಾದ, ಕಟು ವಾಸನೆಯ ಕಲೆ ಗೇರ್ ಎಣ್ಣೆಯದಿರಬಹುದು. ನೀರಿನಂತಹ ಹಸಿರು ದ್ರವ ಎಂಜಿನ್ ತಂಪಾಗಿಸುವ ದ್ರವವಿರಬಹುದು. ಕಲೆ ಚಕ್ರದ ಹತ್ತಿರವಿದ್ದರೆ ಬ್ರೇಕ್ ದ್ರವವಿರಬಹುದು. ಅಂತಹ ಕಾರನ್ನು ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಹೊರಬಂದ ಹಳೆಯ ಗೇರ್ ಎಣ್ಣೆಯೂ ಕಥೆ ಹೇಳುತ್ತದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಳೆಗಾಲದಲ್ಲಿ ಹಳ್ಳದ ನೀರಿನಲ್ಲಿ ಕಾರು ಇಳಿಸಿದ್ದರೆ ಹೀಗಾಗಬಹುದು. ಲೋಹದ ಚೂರುಗಳು ಸಿಕ್ಕರೆ ಹಲ್ಲುಗಳು ಮುರಿಯುತ್ತಿವೆ ಎಂದರ್ಥ.

ಎಚ್ಚರಿಕೆ!

ಇದು ದೊಡ್ಡವರು ಮಾಡುವ ಕೆಲಸ. ನೀವು ದೂರ ನಿಂತು ನೋಡಿ, ಪ್ರಶ್ನೆ ಕೇಳಿ. ಜಾಕ್ ಮಾತ್ರ ಕೊಟ್ಟು ಎತ್ತಿದ ಕಾರಿನ ಅಡಿಗೆ ದೊಡ್ಡವರೂ ಹೋಗಬಾರದು. ಜಾಕ್ ಜಾರಿದರೆ ಪ್ರಾಣಕ್ಕೇ ಅಪಾಯ.

ಹಳೆಯ ಎಣ್ಣೆಯನ್ನು ಚರಂಡಿಗೆ, ಹೊಲಕ್ಕೆ, ಬಾವಿಯ ಬಳಿ ಸುರಿಯಬಾರದು. ಅದು ಮಣ್ಣನ್ನೂ ಕುಡಿಯುವ ನೀರನ್ನೂ ಕೆಡಿಸುತ್ತದೆ. ಒಲೆಗೆ ಹಾಕಿ ಸುಡಲೂಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಬೇಕು.

ಮತ್ತೆ ಆ ರಾತ್ರಿಯ ಕಾರನ್ನು ನೆನೆಯಿರಿ. ‘ಕುಂಯ್’ ಸದ್ದು ಕೆಲವು ದಿನಗಳಿಂದ ಕೇಳಿಸುತ್ತಿತ್ತು. ಕಾರು ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಕಲೆಯೂ ಇದ್ದಿರಬೇಕು. ಯಾರಾದರೊಬ್ಬರು ‘ಇದೇನು?’ ಎಂದು ಕೇಳಿದ್ದರೆ ಸಾಕಿತ್ತು. ಆ ಪ್ರಶ್ನೆ ಕೇಳುವವರು ನೀವಾಗಬಹುದು.

ಉತ್ತರಿಸಿ

1. ಗೇರ್ ಪೆಟ್ಟಿಗೆಯ ಎಣ್ಣೆ ಕಡಿಮೆಯಾದರೆ ದೀಪ ಏಕೆ ಹೊತ್ತಿಕೊಳ್ಳುವುದಿಲ್ಲ?
2. ಹತ್ತು ನಿಮಿಷಕ್ಕೆ ಒಂದು ಹನಿ ಸೋರಿದರೆ ಅರ್ಧ ಲೀಟರ್ ಸೋರಲು ಎಷ್ಟು ದಿನ ಬೇಕು?
3. ನಿಮ್ಮ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಹಲ್ಲುಗಾಲಿಗಳ ಹಲ್ಲುಗಳನ್ನು ಎಣಿಸಿ. ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಎಷ್ಟು ಸುತ್ತು ತಿರುಗುತ್ತದೆ?
4. ಶಾಲೆಯಲ್ಲಿ, ಮನೆಯಲ್ಲಿ ಎಣ್ಣೆ ಹಾಕಬೇಕಾದ ಐದು ವಸ್ತುಗಳನ್ನು ಪಟ್ಟಿ ಮಾಡಿ.