ಸೆಂಟಿನ ಲೆಕ್ಕಕ್ಕೆ ಸಿಗದ ಕೆಸರು

ಕೊಚ್ಚಿಯ ಪಾಲಾರಿವಟ್ಟಂನ ಒಳರಸ್ತೆಯೊಂದರಲ್ಲಿ 5 ಸೆಂಟ್ ಜಾಗ ಅಗ್ಗಕ್ಕೆ ಸಿಕ್ಕಾಗ ಈ ಅಂಕಣಕಾರ ಮುಂಗಡ ಕೊಡಲು ಎರಡು ದಿನವೂ ತಡಮಾಡಲಿಲ್ಲ. ಕಾಗದದಲ್ಲಿ ‘ಪುರಯಿಡಂ’ ಎಂದಿತ್ತು, ಅಂದರೆ ಗದ್ದೆಯಲ್ಲ. ಕಾಲ ಕೆಳಗೆ ಗಟ್ಟಿ ಕೆಂಪು ಮಣ್ಣು. ಗದಗಿನ ಎರೆ ನೆಲದಲ್ಲಿ ಬೆಳೆದವನಿಗೆ ಅಷ್ಟು ಸಾಕಾಯಿತು. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಾಯ್ಬಿಟ್ಟು, ಗೋಡೆಗಳನ್ನು ಸೀಳುವುದನ್ನು ಈತ ಚಿಕ್ಕಂದಿನಿಂದ ಕಂಡಿದ್ದ.

ಆ ಕೆಂಪು ಮಣ್ಣು ಲಾರಿಯಲ್ಲಿ ಬಂದದ್ದು.

ಮಣ್ಣು ಪರೀಕ್ಷೆಗೆ ಬೋರ್ ಹಾಕಿಸಿದ್ದು ನೋಂದಣಿಯಾದ ಮೇಲೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬಿಟ್ಟು, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತಾರೆ. ಒಂದೂವರೆ ಮೀಟರ್ ದಾಟಿದ್ದೇ ತಡ, ಎಣಿಸುವ ಕೆಲಸವೇ ಉಳಿಯಲಿಲ್ಲ. ಎರಡು ಪೆಟ್ಟಿಗೆ ಕೊಳವೆ ಸರ್ರನೆ ಇಳಿಯಿತು. ಮೇಲೆ ಬಂದದ್ದು ಕಡುಬೂದು ಬಣ್ಣದ, ಹಿಸುಕಿದರೆ ಬೆರಳ ಸಂದಿಯಿಂದ ಜಾರುವ ಜೇಡಿ. ಕೊಚ್ಚಿಯ ಬಹುಭಾಗದ ಅಡಿ ಹಾಸಿಕೊಂಡಿರುವುದು ಈ ಕಡಲ ಜೇಡಿಯೇ. ಭಾರ ಬಿದ್ದರೆ ನೀರು ಬಿಟ್ಟುಕೊಡುತ್ತ ವರ್ಷಗಟ್ಟಲೆ ಕುಗ್ಗುತ್ತದೆ. ಮೇಲೆ ಸುರಿದ ಕೆಂಪು ಮಣ್ಣೂ ಭಾರವೇ ತಾನೆ? ಅದರಡಿ ಕುಗ್ಗುವ ಜೇಡಿ, ಮನೆಯ ಭಾರ ಹೊರಲು ಆಳಕ್ಕೆ ಇಳಿಸುವ ಪೈಲ್ ಕಂಬಗಳನ್ನೂ ಕೆಳಕ್ಕೆ ಜಗ್ಗುತ್ತದೆ. ಆ ಎಳೆತಕ್ಕೂ ಲೆಕ್ಕ ಹಾಕಿ ಪೈಲ್ ಇನ್ನಷ್ಟು ಆಳಕ್ಕೆ ಇಳಿಸಬೇಕು.

ಪಾಲಾರಿವಟ್ಟಂ ಎಂದೊಡನೆ ಜನಕ್ಕೆ ನೆನಪಾಗುವುದು 2016ರಲ್ಲಿ ತೆರೆದು 2019ರಲ್ಲಿ ಮುಚ್ಚಿದ ಮೇಲ್ಸೇತುವೆ. ಅಲ್ಲಿ ಬಿರುಕು ಬಿಟ್ಟದ್ದು ಮೇಲಿನ ಕಾಂಕ್ರೀಟು, ಊರಿಗೆಲ್ಲ ಕಂಡಿತು. ಈ ಅಂಕಣಕಾರನ ಪೆಟ್ಟು ಕಂಡದ್ದು ಪಾಸ್‌ಬುಕ್ಕಿನಲ್ಲಿ ಮಾತ್ರ.

ಬ್ಯಾಂಕು ಮನೆಸಾಲವನ್ನು ಕೆಲಸದ ಹಂತ ನೋಡಿ ಬಿಡುತ್ತದೆ. ಮೊದಲಿನ ಅಂದಾಜುಪಟ್ಟಿಯಲ್ಲಿ ಪೈಲಿಂಗ್‌ಗೆ ಒಂದು ಸಾಲೂ ಇರಲಿಲ್ಲ. ಗೋಡೆಯ ಮೊದಲ ಕಲ್ಲು ಕೂರುವ ಮುನ್ನವೇ ಎಫ್‌ಡಿ ಮುರಿದಾಗಿತ್ತು. ಜಾಗದಲ್ಲಿ ಉಳಿಸಿದೆನೆಂದು ಬೀಗಿದ ದುಡ್ಡೆಲ್ಲ ನೆಲದೊಳಗೆ ಹೋಯಿತು. ಅದೇ ವರ್ಷ ತಿರುವನಂತಪುರದ ದಿಣ್ಣೆಯ ಮೇಲೆ ದುಬಾರಿ ಜಾಗ ಕೊಂಡ ಸಹೋದ್ಯೋಗಿ ಮುರಕಲ್ಲು ನೆಲದಲ್ಲಿ ಸಾದಾ ಕಲ್ಲಿನ ಪಾಯ ಹಾಕಿ ಲಿಂಟಲ್ ಮುಟ್ಟಿದ್ದರು. ಮೊದಲು ನಕ್ಕದ್ದು ಈ ಅಂಕಣಕಾರನೇ.

ಕೊಚ್ಚಿಯಲ್ಲಿ ಜಾಗ ನೋಡುವವರು ತೆರಿಗೆ ರಸೀದಿಯಲ್ಲಿ ‘ನಿಲಂ’ ಎಂದಿದೆಯೇ ನೋಡಿ. ಇದ್ದರೆ ಅದು ಗದ್ದೆ, 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಇಲ್ಲದಿದ್ದರೂ ಅಕ್ಕಪಕ್ಕದ ಹಿರಿಯರನ್ನು ಕೇಳಿ, ಮಾಲೀಕರ ಒಪ್ಪಿಗೆ ಪಡೆದು ಮುಂಗಡಕ್ಕೆ ಮೊದಲೇ ಒಂದು ಬೋರ್ ಹಾಕಿಸಿ. ಚೌಕಾಸಿಗೆ ಕೂರುವಾಗ ಆ ವರದಿ ಕೈಯಲ್ಲಿರಲಿ.